ಸಾಲವಿಲ್ಲದ ದೀಪಾವಳಿ

ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹಳ್ಳಿಗಳಿಗೆ ದೀಪಾವಳಿ ಬರುವುದು ಕೈ ಬರಿದಾದ ಹೊತ್ತಿನಲ್ಲಿ. ಹಿಂಗಾರಿ ಜೋಳ ಆಗತಾನೆ ಬಿತ್ತಿರುತ್ತೇವೆ. ಬೀಜ, ಗೊಬ್ಬರಕ್ಕೆ ಹಣ ಹೋಗಿರುತ್ತದೆ. ಸುಗ್ಗಿ ಇನ್ನೂ ಮೂರು ನಾಲ್ಕು ತಿಂಗಳು ದೂರ. ಆದರೂ ಮಗಳು ಅಳಿಯ ಬರುತ್ತಾರೆ, ಭಾವುಬೀಜದ ಆರತಿ ತಟ್ಟೆಗೆ ಏನಾದರೂ ಹಾಕಲೇಬೇಕು.

ಆಗ ಸಾಲಕ್ಕೆ ಕೈ ಚಾಚುತ್ತೇವೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 5,000 ರೂಪಾಯಿ ತಂದರೆ, ಮುಂದಿನ ದೀಪಾವಳಿಗೆ ಬಡ್ಡಿಯೇ 1,800. ಅಸಲು ಹಾಗೆಯೇ ಇರುತ್ತದೆ. ಆ ಬಡ್ಡಿಯ ಹಣಕ್ಕೆ ಮಗಳಿಗೆ ಇನ್ನೊಂದು ಸೀರೆ ಬರುತ್ತಿತ್ತು.

ಹಾಗೆಂದು ಕೈ ಬಿಗಿ ಹಿಡಿಯಬೇಕಿಲ್ಲ. ನಾಗರಪಂಚಮಿಯಿಂದ ದೀಪಾವಳಿಗೆ ಸುಮಾರು 12 ವಾರ. ಪ್ರತಿ ಸಂತೆಯ ದಿನ 100 ರೂಪಾಯಿ ಎತ್ತಿಟ್ಟರೆ 1,200 ಆಯಿತು. ಮನೆಯಲ್ಲಿದ್ದರೆ ಖರ್ಚಾದೀತು, ಬಚತ್ ಗಟದಲ್ಲಿ ಇಡಿರಿ. ಪೇಟೆಗೆ ಹೋಗುವ ಮೊದಲೇ ಯಾರಿಗೆ ಏನು, ಎಷ್ಟರದು ಎಂದು ಚೀಟಿ ಬರೆದುಕೊಳ್ಳಿರಿ. ಮೊದಲು ಹೆಣ್ಣುಮಕ್ಕಳು, ಹೊಲದಲ್ಲಿ ದುಡಿದವರು. ಪಟಾಕಿ ಕೊನೆಗೆ. ಸೀರೆಗೆ ಹಣ ಸಾಲದಿದ್ದರೆ ಖಣ ಕೊಟ್ಟು ಉಡಿ ತುಂಬಿರಿ. ಫರಾಳವನ್ನೂ ಹಂಚಿಕೊಳ್ಳಬಹುದು: ಒಂದು ಮನೆಯಲ್ಲಿ ಚಕ್ಕಲಿ, ಇನ್ನೊಂದರಲ್ಲಿ ಕರಜಿಕಾಯಿ, ಮತ್ತೊಂದರಲ್ಲಿ ಉಂಡಿ. ಎಣ್ಣೆ, ಉರುವಲು ಉಳಿಯುತ್ತದೆ, ಎಲ್ಲರ ತಾಟೂ ತುಂಬುತ್ತದೆ.

ದಸರೆಗೆ ನಾವು ಬನ್ನಿ ಎಲೆ ಕೊಡುತ್ತೇವೆ, ಮರಾಠಿ ನೆರೆಯವರು ಆಪ್ಟಾ ಎಲೆಯನ್ನು 'ಸೋನೆ' ಎಂದು ಕೊಡುತ್ತಾರೆ. ಎಲೆಯನ್ನೇ ಬಂಗಾರವೆಂದು ಕೈಯೊಡ್ಡಿ ತೆಗೆದುಕೊಳ್ಳುವ ಊರಿನಲ್ಲಿ, ಪ್ರೀತಿಯಿಂದ ಕೊಟ್ಟ ಖಣವನ್ನು ಹಗುರವೆನ್ನುವವರು ಯಾರು?