ಊತ್ತುಕ್ಕುಳಿ ಪಾಳೆಯಪಟ್ಟು: ಒಂದು ವಂಶಾವಳಿಯನ್ನು ಓದುವ ಬಗೆ

ಕಳೆದ ವಾರ ಜಪಾನಿನ ಸಣ್ಣ ಸಂಸ್ಥಾನಗಳ ಬಗ್ಗೆ ಮಾತಾಡುವಾಗ ಒಂದು ಪ್ರಶ್ನೆ ಬಂತು: ನಮ್ಮ ಕಡೆ ಇದಕ್ಕೆ ಹತ್ತಿರವಾದದ್ದು ಏನಿದೆ? ನನ್ನ ಉತ್ತರ, ಕೊಂಗುನಾಡಿನ ಪಾಳೆಯಪಟ್ಟು. ಇವತ್ತು ಒಂದೇ ಒಂದನ್ನು ತಗೊಳ್ತೀನಿ: ಊತ್ತುಕ್ಕುಳಿ. ಗಮನಿಸಿ, ಇದು ಬೆಣ್ಣೆಗೆ ಹೆಸರಾದ ತಿರುಪ್ಪೂರು ಜಿಲ್ಲೆಯ ಊತ್ತುಕ್ಕುಳಿ ಅಲ್ಲ. ಕೊಯಮತ್ತೂರು ಜಿಲ್ಲೆಯಲ್ಲಿ, ಪೊಳ್ಳಾಚಿ ಪಕ್ಕದ ಜಮೀನ್ ಊತ್ತುಕ್ಕುಳಿ. 1799ರಲ್ಲಿ ಟಿಪ್ಪು ಬೀಳುವವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಕೈಯಲ್ಲಿತ್ತು. ಹಾಗಾಗಿ ಇದು ನಮಗೆ ಪರಕೀಯ ವಿಷಯವೇನಲ್ಲ.

ಪಾಳೆಯಗಾರ ಅಂದರೆ ಯಾರು ಅಂತ ಚಿತ್ರದುರ್ಗ, ಹರಪನಹಳ್ಳಿ ಓದಿದವರಿಗೆ ಹೇಳಬೇಕಾಗಿಲ್ಲ. ಕೆಲವು ಹಳ್ಳಿಗಳ ಕಂದಾಯ, ಕಾವಲು, ಒಂದಿಷ್ಟು ದಂಡು, ಮೇಲಿನವರಿಗೆ ಕಪ್ಪ. ತಮಿಳುನಾಡಿನಲ್ಲಿ ಈ ವ್ಯವಸ್ಥೆಗೆ ರೂಪ ಬಂದದ್ದು 16ನೇ ಶತಮಾನದಲ್ಲಿ, ಮಧುರೆಯ ವಿಶ್ವನಾಥ ನಾಯಕ ಮತ್ತು ಅರಿಯನಾಥ ಮುದಲಿಯಾರರ ಕಾಲದಲ್ಲಿ. ಆಗ 72 ಪಾಳೆಯಗಳಿದ್ದವು ಎಂಬುದು ಪರಂಪರೆಯ ಮಾತು.

ಊತ್ತುಕ್ಕುಳಿಯ ಒಡೆಯರ ಬಿರುದು ಕಾಲಿಂಗರಾಯ. 13ನೇ ಶತಮಾನದಲ್ಲಿ ಕೊಂಗುನಾಡನ್ನು ಆಳಿದ ವೀರಪಾಂಡ್ಯನ ಅಧಿಕಾರಿ ಕಾಲಿಂಗರಾಯನೇ ತಮ್ಮ ಮೂಲಪುರುಷ ಎಂದು ಮನೆತನ ಹೇಳುತ್ತದೆ. ಭವಾನಿ ಊರಿನ ಹತ್ತಿರ ಭವಾನಿ ನದಿಗೆ ಅಣೆ ಕಟ್ಟಿ, ಕೊಡುಮುಡಿಯ ಕಡೆಗೆ ಸುಮಾರು 90 ಕಿ.ಮೀ. ಉದ್ದದ ಕಾಲುವೆ ತೋಡಿಸಿದವನು ಅವನು. ಕಾಲುವೆ ಇಂದಿಗೂ ಅವನ ಹೆಸರಲ್ಲೇ ಹರಿಯುತ್ತಿದೆ. ಆಮೇಲಿನ ಕಥೆ ಹೀಗೆ: ತನ್ನವರ ಲಾಭಕ್ಕೇ ಕಾಲುವೆ ತೋಡಿಸಿದ ಅಂತ ಜನ ಆಡಿಕೊಂಡರಂತೆ. ಆತ ನೊಂದು, ‘ನಾನಾಗಲಿ ನನ್ನ ವಂಶದವರಾಗಲಿ ಈ ನೀರು ಮುಟ್ಟುವುದಿಲ್ಲ’ ಅಂತ ಆಣೆ ಮಾಡಿ, ನೂರು ಕಿ.ಮೀ.ಗೂ ದೂರದ ಊತ್ತುಕ್ಕುಳಿಗೆ ಬಂದು ನೆಲೆಸಿದನಂತೆ.

ಇದನ್ನು ಓದಿದಾಗ ನನಗೂ ಮೈ ಜುಮ್ಮೆಂದಿತ್ತು. ನನ್ನ ಎಂ.ಎ. ಪ್ರಬಂಧದಲ್ಲಿ ‘ಏಳು ಶತಮಾನ ಬಾಳಿದ ಪಾಳೆಯ’ ಅಂತ ಬರೆದೇ ಬಿಟ್ಟೆ. ಈಗ ಆ ವಾಕ್ಯವನ್ನು ಹಿಂತೆಗೆದುಕೊಳ್ಳಬೇಕು, ಯಾಕೆ ಅಂತ ಹೇಳ್ತೀನಿ.

ಮೊದಲನೆಯದು, ಕಾಲಿಂಗರಾಯ ಎಂಬುದು ಒಬ್ಬನ ಹೆಸರಲ್ಲ, ಬಿರುದು. 12ನೇ ಶತಮಾನದಲ್ಲೇ ಚೋಳರ ದಂಡನಾಯಕ ಮಣವಿಲ್ ಕೂತ್ತನಿಗೆ ಈ ಬಿರುದಿತ್ತು. ಬಿರುದು ಒಂದೇ ಎಂದಮಾತ್ರಕ್ಕೆ ರಕ್ತಸಂಬಂಧ ಸಾಬೀತಾಗದು. ಎರಡನೆಯದು, ಕಾಲುವೆ 13ನೇ ಶತಮಾನದ್ದು, ಪಾಳೆಯದ ವ್ಯವಸ್ಥೆ 16ನೆಯದು. ನಡುವಿನ ಮುನ್ನೂರು ವರ್ಷವನ್ನು ತುಂಬುತ್ತಿರುವುದು ವಂಶಾವಳಿ ಮಾತ್ರ.

ಆ ವಂಶಾವಳಿ ಬರಹಕ್ಕೆ ಇಳಿದದ್ದು ಯಾವಾಗ? ಕಂಪನಿ ಕಾಲದಲ್ಲಿ. ನಮ್ಮ ಕೈಫಿಯತ್ತುಗಳ ಹಾಗೆಯೇ ಇದೂ ಕಾಲಿನ್ ಮೆಕೆಂಝಿಯ ಸಂಗ್ರಹಕ್ಕೆ ಸೇರಿದ್ದು. ಅದೇ ಹೊತ್ತಿಗೆ, 1802ರ ಕಾಯಂ ಬಂದೋಬಸ್ತಿನ ಸುತ್ತಮುತ್ತ, ಯಾರಿಗೆ ಯಾವ ಹಕ್ಕು, ಎಷ್ಟು ಪೇಶ್ಕಷ್ ಎಂಬ ತೀರ್ಮಾನಗಳು ಆಗುತ್ತಿದ್ದವು. ‘ನೀವು ಯಾರು, ಎಂದಿನಿಂದ ಇದ್ದೀರಿ?’ ಅಂತ ಸರ್ಕಾರ ಕೇಳಿದಾಗ ಹಳೆಯ ಮನೆತನ ಅನ್ನಿಸಿಕೊಳ್ಳುವುದು ಅಗತ್ಯವಾಗುತ್ತದೆ. ಆಣೆಯ ಕಥೆಯ ಬಲ ಇಲ್ಲಿದೆ. ಕಾಲುವೆಯ ದಡದಲ್ಲಿ ಒಂದಂಗುಲ ಭೂಮಿಯನ್ನೂ ಕೇಳದೆ, ಕಾಲುವೆಯ ಕೀರ್ತಿಯನ್ನು ಪೂರ್ತಿ ಉಳಿಸಿಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ. ಇದು ನನ್ನ ಊಹೆ, ಚರ್ಚೆಗೆ ಬಿಟ್ಟಿದ್ದೇನೆ.

ಜಪಾನನ್ನು ಪಕ್ಕದಲ್ಲಿಡಿ. 10,000 ಕೊಕು ಅಕ್ಕಿಯ ಹುಟ್ಟುವಳಿ ಇದ್ದವನು ದೈಮ್ಯೊ. ಅಲ್ಲಿನ ಶೋಗನ್ ಸರ್ಕಾರವೂ 1799ರಿಂದ 1812ರವರೆಗೆ ಮನೆತನಗಳಿಂದ ವಂಶಾವಳಿ ತರಿಸಿ ದೊಡ್ಡ ಸಂಕಲನ ಮಾಡಿಸಿತು. ಎರಡೂ ಕಡೆ ಕೇಳಿದವರು ಮೇಲಿನವರು, ಬರೆದುಕೊಟ್ಟವರು ಕೆಳಗಿನವರು. ಮೈಸೂರಿನದು ಸ್ವಲ್ಪ ಬೇರೆ: 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ವಂಶವನ್ನು ‘ಸಂತಾನಾಂಬುಜ’ವಾಗಿ ಗೋಡೆಯ ಮೇಲೆ ಬರೆಸಿದರು. ಅಧಿಕಾರ ಅಲುಗಾಡಿದಾಗ ವಂಶದ ನೆನಪು ಗಟ್ಟಿಯಾಗುತ್ತದೆ ಅನ್ನಿಸುತ್ತದೆ.

ಜಪಾನಿನ ಸಂಸ್ಥಾನಗಳು 1871ರಲ್ಲಿ ರದ್ದಾದವು. ಮದರಾಸಿನ ಜಮೀನುಗಳನ್ನು ಕೊನೆಗಾಣಿಸಿದ್ದು 1948ರ ಕಾಯ್ದೆ.

ಹಾಗಾದರೆ ವಂಶಾವಳಿ ಸುಳ್ಳಾ? ಹಾಗಲ್ಲ. 13ನೇ ಶತಮಾನಕ್ಕೆ ಶಾಸನಗಳನ್ನು ನೋಡೋಣ, 1800ರ ಸುಮಾರಿನ ಪಾಳೆಯಗಾರನ ಆತಂಕ ತಿಳಿಯಲು ವಂಶಾವಳಿಯನ್ನು ಓದೋಣ. ಇನ್ನೂ ಒಂದು ಕೆಲಸ ಬಾಕಿ ಇದೆ. ಆ 90 ಕಿ.ಮೀ. ಅಗೆದವರು ಯಾರು? ಅವರಿಗೆ ವಂಶಾವಳಿ ಬರೆದುಕೊಡಿ ಅಂತ ಯಾವ ಸರ್ಕಾರವೂ ಕೇಳಲಿಲ್ಲ. ಪ್ರಶ್ನೆಗಳಿದ್ದರೆ ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.