ವೈದ್ಯವೃತ್ತಿಯೂ ವೈದ್ಯರ ಜಮಾಖರ್ಚೂ

ಡಾಕ್ಟರನೆಂದರೆ ಶ್ರೀಮಂತನು ಎಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿರುತ್ತದೆ. ಕನ್ಯಾಪಿತೃಗಳೂ ಬ್ಯಾಂಕಿನವರೂ ವಿಮೆಯ ಏಜಂಟರೂ ಇದೇ ಭಾವನೆಯಿಂದ ಆತನ ಬಾಗಿಲಿಗೆ ಬರುವರು. ತರುಣ ವೈದ್ಯನ ವಹಿಯನ್ನು ತೆರೆದು ನೋಡಿದವರಿಗೆ ಮಾತ್ರ ಕಾಣುವದು ಬೇರೆಯೇ.

ನಾಲ್ಕೂವರೆ ವರ್ಷದ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್, ಮೇಲೆ ಮೂರು ವರ್ಷದ ಎಂ.ಡಿ. ಓರಗೆಯವರು ಸಂಬಳ ಎಣಿಸಲು ಹತ್ತಿ ಎಷ್ಟೋ ವರ್ಷಗಳಾದ ಮೇಲೆ, ಮೂವತ್ತರ ಸಮೀಪದಲ್ಲಿ, ಈತನ ನಿಜವಾದ ಗಳಿಕೆಯು ಆರಂಭವಾಗುವದು. ಕ್ಯಾಪಿಟೇಶನ್ ಫೀಯನ್ನು ನಿಷೇಧಿಸಿ ನಮ್ಮ ರಾಜ್ಯದಲ್ಲಿ 1984ರಲ್ಲಿಯೇ ಕಾಯ್ದೆಯಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ಖಂಡಿಸಿತು. ಆದರೂ ಖಾಸಗಿ ಕಾಲೇಜಿನ ಫೀಯು ಮಧ್ಯಮ ವರ್ಗದ ಅಳವಿಗೆ ಮೀರಿದ್ದಾಗಿಯೇ ಉಳಿದಿದೆ. ಮೊದಲಿಗೇ 20 ಲಕ್ಷ ರೂಪಾಯಿ ಸಾಲವೆತ್ತಿದನೆಂದು ತಿಳಿಯೋಣ. ಶೇಕಡಾ 10ರ ಸರಳ ಬಡ್ಡಿಯಂತೆ ಐದೂವರೆ ವರ್ಷಕ್ಕೆ ಬಡ್ಡಿಯೇ 11 ಲಕ್ಷ! ಹೊಲ ಮಾರಿದ ತಂದೆಯ ಋಣವು ಇದರಲ್ಲಿ ಸೇರಿಲ್ಲ.

ಈ ಸಾಲವು ವೈದ್ಯನ ಮನೆಯಲ್ಲಿಯೇ ಮುಗಿಯುವದಿಲ್ಲವೆಂಬುದೇ ನಮ್ಮ ಚಿಂತೆಗೆ ಕಾರಣ. ಅದು ರೋಗಿಯವರೆಗೆ ಬರುತ್ತದೆ. ಕಂತಿನ ಸಾಲದಲ್ಲಿ ತಂದ ಯಂತ್ರಕ್ಕೆ ದಿನವೂ ರೋಗಿಗಳು ಬೇಕು. ಇನ್ನೊಬ್ಬರಲ್ಲಿಗೆ ರೋಗಿಯನ್ನು ಕಳಿಸಿದರೆ ಲಕೋಟೆಯಲ್ಲಿ ಕಮಿಶನ್ನು ಬರುವದು. 2002ರ ವೈದ್ಯಕೀಯ ನಡತೆಯ ನಿಯಮಗಳು ಇಂಥ ದಲ್ಲಾಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದವು. ಕಂತಿನ ತಾರೀಖು ಸಮೀಪಿಸಿದವನಿಗೆ ಆ ನಿಯಮವನ್ನು ಪಾಲಿಸುವದು ಎಷ್ಟು ಕಠಿಣವೆಂಬುದನ್ನು ವಾಚಕರೇ ಊಹಿಸಬಹುದು. ಸಾಲವಿಲ್ಲದ ವೈದ್ಯರೆಲ್ಲರೂ ಸಾಧುಗಳೆಂದು ನಮ್ಮ ಅಭಿಪ್ರಾಯವಲ್ಲ. ಆದರೆ “ಈ ಪರೀಕ್ಷೆ ಬೇಕಾಗಿಲ್ಲ” ಎಂದು ಹೇಳುವ ಸ್ವಾತಂತ್ರ್ಯವು ಸಾಲವಿಲ್ಲದವನಿಗೆ ಹೆಚ್ಚು.

ಆದಕಾರಣ ದವಾಖಾನೆಯ ಗಲ್ಲಾಪೆಟ್ಟಿಗೆಯೂ ಮನೆಯ ಖರ್ಚಿನ ಚೀಲವೂ ಒಂದಾಗಕೂಡದು. ಎರಡು ಖಾತೆಗಳಿರಲಿ, ವೈದ್ಯನು ತನಗೆ ತಾನೇ ತಿಂಗಳಿಗಿಷ್ಟೆಂದು ಸಂಬಳ ಗೊತ್ತುಮಾಡಿಕೊಳ್ಳಲಿ. ವರ್ಷದ ಒಟ್ಟು ಹುಟ್ಟುವಳಿಯು 50 ಲಕ್ಷ ಮೀರದವರು ಅದರ ಅರ್ಧವನ್ನೇ ಆದಾಯವೆಂದು ತೋರಿಸಿ ತೆರಿಗೆ ಕೊಡುವ ಅನುಕೂಲವನ್ನು ಸರಕಾರವು 2016ರಲ್ಲಿ ಮಾಡಿತು. ವಹಿಗಳ ಜಂಜಾಟ ಇದರಿಂದ ತಪ್ಪುವದು. ಸ್ವಂತದ ತಿಳಿವಳಿಕೆಗಾಗಿ ಬರೆದಿಡುವದನ್ನು ಮಾತ್ರ ಬಿಡಬಾರದು. ವಿಮೆಯನ್ನು ಸಂರಕ್ಷಣೆಗೆಂದು ಕೊಳ್ಳಬೇಕು, ಉಳಿತಾಯಕ್ಕೆಂದಲ್ಲ. ಅಲ್ಪ ಕಂತಿನ ಟರ್ಮ್ ವಿಮೆಯನ್ನು ಏಜಂಟರು ತಾವಾಗಿ ಹೇಳುವದು ವಿರಳ. ಅದರಲ್ಲಿ ಅವರಿಗೆ ಸಿಗುವದೂ ಅಲ್ಪವೇ! ಖಾಸಗಿ ವೈದ್ಯನಿಗೆ ಪೆನ್ಶನ್ನಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ತುಂಬಬಹುದಾದ 15 ವರ್ಷದ ಪಿ.ಪಿ.ಎಫ್. ಖಾತೆಯನ್ನು ಮೊದಲ ಗಳಿಕೆಯ ವರ್ಷವೇ ತೆರೆಯುವದು ಲೇಸು.

ಇನ್ನೊಂದು ಮಾತು. ಹಣ ಪಡೆದು ಮಾಡುವ ಚಿಕಿತ್ಸೆಯು ಗ್ರಾಹಕ ಸಂರಕ್ಷಣ ಕಾಯ್ದೆಗೆ ಒಳಪಡುವದೆಂದು ಸುಪ್ರೀಂ ಕೋರ್ಟು 1995ರ ನವೆಂಬರದಲ್ಲಿ ತೀರ್ಪು ಕೊಟ್ಟಿತು. ಇದರಿಂದ ರೋಗಿಗಳಿಗೆ ನ್ಯಾಯದ ಬಾಗಿಲು ತೆರೆದುದು ನಮಗೆ ಸಂತೋಷವೇ. ಆದರೆ ಒಂದೇ ದಾವೆಯಲ್ಲಿ ಮನೆಮಠ ಹೋಗದಂತೆ ವೈದ್ಯನು ವೃತ್ತಿಯ ಹೊಣೆಯ ವಿಮೆಯನ್ನು ಇಳಿಸಬೇಕು. ಕೇಸ್‌ಪೇಪರನ್ನು ಅಚ್ಚುಕಟ್ಟಾಗಿ ಬರೆಯಬೇಕು.

ಇವಾವವನ್ನೂ ಕಾಲೇಜಿನಲ್ಲಿ ಕ್ರಮವಾಗಿ ಹೇಳಿಕೊಡುವ ರೂಢಿಯಿಲ್ಲ. ಇಂಟರ್ನ್‌ಶಿಪ್ಪಿನ ವರ್ಷದಲ್ಲಿ ಊರಿನ ಲೆಕ್ಕಪರಿಶೋಧಕರೊಬ್ಬರನ್ನು ಕರೆದು ನಾಲ್ಕು ತಾಸು ಪಾಠ ಹೇಳಿಸಲು ಕಾಲೇಜುಗಳಿಗೆ ಯಾವ ಅಡ್ಡಿಯಿದೆಯೋ ನಮಗೆ ತಿಳಿಯದು.