ನಿಮಗಿದು ಗೊತ್ತೆ? ನೀಲಿ ಎಲೆಯ ಮರಗಳು

18ನೆಯ ಶತಮಾನದಲ್ಲಿ ಕೋರಮಂಡಲ ಕರಾವಳಿಯ ಕುಶಲಕರ್ಮಿಗಳು ಯುರೋಪಿನ ಮಾರುಕಟ್ಟೆಗಾಗಿ ಬಣ್ಣ ಹಾಕಿದ ಹತ್ತಿಯ ಹಾಸುಗಳು, ಅಂದರೆ ‘ಪಲಂಗಪೋಶ್’ ಎಂಬ ಪದದಿಂದ ‘ಪಾಲಂಪೋರ್’ ಎಂಬ ಹೆಸರು ಪಡೆದ ಮಂಚದ ಹೊದಿಕೆಗಳು, ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹಾಗೂ ಟೊರಾಂಟೊದ ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯಗಳಲ್ಲಿವೆ. ಕಲ್ಲುದಿಬ್ಬದಿಂದ ಬಳುಕುತ್ತ ಮೇಲೇರುವ ಒಂದೇ ಮರದಲ್ಲಿ ಹತ್ತಾರು ಬಗೆಯ ಹೂಗಳು ಅರಳಿರುವುದು ಇವುಗಳ ಸಾಮಾನ್ಯ ವಿನ್ಯಾಸವಾಗಿದ್ದು, ಕೆಲವು ಹಾಸುಗಳಲ್ಲಿ ಕೊಂಬೆಗಳ ನಡುವೆ ಹಕ್ಕಿಗಳೂ ಕುಳಿತಿರುತ್ತವೆ; ಸಸ್ಯಶಾಸ್ತ್ರ ಇಂಥ ಮರವನ್ನು ಒಪ್ಪದಿದ್ದರೂ ಕಣ್ಣು ಒಪ್ಪುತ್ತದೆ.

ಈ ಮರಗಳ ಎಷ್ಟೋ ಎಲೆಗಳು ಈಗ ನೀಲಿಯಾಗಿ ಕಾಣುವುದಕ್ಕೆ ಕಾರಣ ಬಣ್ಣಗಾರಿಕೆಯ ವಿಧಾನದಲ್ಲಿದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಾಗಿಸಿದ ದ್ರವದಿಂದ ಕಪ್ಪು ಗೆರೆಗಳನ್ನು ಎಳೆದು, ಕೆಂಪು ಬರಬೇಕಾದ ಕಡೆ ಬಣ್ಣವನ್ನು ನೂಲಿಗೆ ಕಚ್ಚಿಸುವ ವರ್ಣಬಂಧಕವಾದ ಪಟಿಕವನ್ನು ಹಚ್ಚಿ, ಬೇರಿನ ಬಣ್ಣದಲ್ಲಿ ಬಟ್ಟೆಯನ್ನು ಕುದಿಸಲಾಗುತ್ತಿತ್ತು. ಆ ಬಳಿಕ ನೀಲಿ ಬೇಕಾದ ಭಾಗಗಳನ್ನಷ್ಟೇ ಬಿಟ್ಟು ಉಳಿದುದಕ್ಕೆಲ್ಲ ಮೇಣ ಬಳಿದು, ಹಾಸನ್ನು ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಹಸಿರು ಪಡೆಯಲು ಆ ನೀಲಿಯ ಮೇಲೆ ಕುಂಚದಿಂದ ಹಳದಿ ಲೇಪಿಸುತ್ತಿದ್ದರು. ಸಸ್ಯಮೂಲದ ಆ ಹಳದಿ ಬೆಳಕಿಗೆ ಮಾಸಿಹೋಗಿ, ಅಡಿಯ ನೀಲಿ ಮಾತ್ರ ಉಳಿದುಕೊಂಡಿದೆ.

ಹೀಗೆ ಬಣ್ಣ ಹಾಕಿದ ಹತ್ತಿ ಬಟ್ಟೆಯನ್ನು ಸೂಚಿಸುವ ಕನ್ನಡದ ‘ಚೀಟಿ ಬಟ್ಟೆ’ಗೂ ಇಂಗ್ಲಿಷಿನ ‘ಚಿಂಟ್ಸ್’ಗೂ ಹಿಂದಿಯ ‘ಛೀಂಟ್’ ಬಳಗದ ನಂಟಿದೆ. ಒಗೆದರೂ ಬಣ್ಣ ಬಿಡದ ಈ ಬಟ್ಟೆಗೆ ಬೇಡಿಕೆ ಎಷ್ಟಿತ್ತೆಂದರೆ, ಸ್ವದೇಶಿ ನೇಕಾರರ ಹಿತಕ್ಕಾಗಿ ಫ್ರಾನ್ಸ್ 1686ರಲ್ಲಿ ಇದನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1759ರಲ್ಲಿ.